ಮಿಲಿಟ್ರಿ ಲಾರಿಗೆ ಸಾಮಾನು ಎಲ್ಲಿ ಸಿಗುತ್ತದೆ?

ಸೇನೆ ಕೈಬಿಟ್ಟ ಲಾರಿಯೊಂದು ಇನ್ನೆಷ್ಟು ವರ್ಷ ಓಡೀತು ಎಂಬುದನ್ನು ಅದರ ಉಕ್ಕಿನ ದಪ್ಪ ನೋಡಿ ಹೇಳಲಾಗದು. ಅದೇ ಎಂಜಿನ್ನು, ಅದೇ ಗೇರ್‌ಬಾಕ್ಸು ಹೊತ್ತ ಸಾಮಾನ್ಯ ಲಾರಿ, ಬಸ್ಸುಗಳು ಆ ಸೀಮೆಯಲ್ಲಿ ಎಷ್ಟಿವೆ ಎಂದು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ. ದಾಯಾದಿಗಳಿರುವ ಗಾಡಿಗೆ ಸಾಮಾನು ಸಿಗುತ್ತದೆ. ಒಂಟಿಯಾಗಿ ಹುಟ್ಟಿದ ಗಾಡಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಒಂದು ದಿನ ಶೆಡ್ಡಿನ ಮೂಲೆ ಸೇರುತ್ತದೆ. ಎರಡನೇ ಮಹಾಯುದ್ಧದ ಷೆವರ್ಲೆಯಿಂದ ಹಿಡಿದು ಇವತ್ತಿನ ಸ್ಟಾಲಿಯನ್‌ವರೆಗೆ ಎಂಟು ದಶಕಗಳ ಅನುಭವ ಇದನ್ನೇ ಹೇಳುತ್ತದೆ.

ಈ ಪ್ರಶ್ನೆಯನ್ನು ಹೊಸೂರು ಸೀಮೆಯಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ಉದ್ದನಪಲ್ಲಿ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿ ತಾಲ್ಲೂಕಿನ ಊರು. ಕನ್ನಡ, ತೆಲುಗು, ತಮಿಳು ಮೂರೂ ಅಲ್ಲಿ ಒಂದೇ ಬೀದಿಯ ಮಾತು. ಟೊಮೆಟೊ, ಗುಲಾಬಿ, ಮಾವು ಬೆಳೆಯುವ ಈ ಹೊಲಗಳ ಒಂದು ಕಡೆಗೆ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆಗೆ ಬೆಂಗಳೂರಿನ ಹಳೇ ಸಾಮಾನಿನ ಮಾರುಕಟ್ಟೆಗಳು. ಅಶೋಕ್ ಲೇಲ್ಯಾಂಡ್ 1980ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಅದರ ಸುತ್ತ ಫೋರ್ಜಿಂಗ್, ಗೇರ್ ಕಟಿಂಗ್, ಹೀಟ್ ಟ್ರೀಟ್‌ಮೆಂಟ್ ಮಾಡುವ ಸಣ್ಣ ಘಟಕಗಳು ಬೆಳೆದವು. ಭಾರತೀಯ ಸೇನೆಯ ಬಹುಪಾಲು ಸರಕು ಹೊರುವ ಸ್ಟಾಲಿಯನ್ ಇದೇ ಕಂಪನಿಯ ಲಾರಿ. ಸೇನೆಯ ಸಾಗಾಟಕ್ಕೂ ಈ ಊರಿಗೂ ನಂಟು ಅದಕ್ಕಿಂತ ಹಳೆಯದು. ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲಿ ಶುರುವಾದ ಫಾರಂ ಮದ್ರಾಸ್ ಸೇನೆಗೆ ಕುದುರೆ ಒದಗಿಸುತ್ತಿತ್ತು. ಇವತ್ತು ಅದು ಜಾನುವಾರು ತಳಿ ಕೇಂದ್ರ.

ಮೊದಲು ಯುದ್ಧಕಾಲದ ಗಾಡಿಗಳು. 1939ರಿಂದ 1945ರ ನಡುವೆ ಕೆನಡಾ ಒಂದೇ ಎಂಟು ಲಕ್ಷಕ್ಕೂ ಹೆಚ್ಚು ಸೇನಾ ವಾಹನ ತಯಾರಿಸಿತು. ಅದರಲ್ಲಿ ಬ್ರಿಟಿಷ್ ಸೇನೆಗೆಂದು ಫೋರ್ಡ್ ಮತ್ತು ಷೆವರ್ಲೆ ಒಂದೇ ನಮೂನೆಯಲ್ಲಿ ಮಾಡಿದ ಮೊಂಡು ಮೂಗಿನ ಬಲಗೈ ಡ್ರೈವಿಂಗ್ ಲಾರಿಗಳು ಬರ್ಮಾ ರಂಗಕ್ಕಾಗಿ ಭಾರತಕ್ಕೆ ದಂಡಿಯಾಗಿ ಬಂದವು. ಅಮೆರಿಕ ಆರು ಲಕ್ಷಕ್ಕೂ ಹೆಚ್ಚು ಜೀಪು, ಐದು ಲಕ್ಷಕ್ಕೂ ಹೆಚ್ಚು ಜಿಎಂಸಿ ಆರುಚಕ್ರದ ಲಾರಿ ಮಾಡಿತು. ಯುದ್ಧ ಮುಗಿದಾಗ ಇಲ್ಲಿ ಉಳಿದವನ್ನು ಸರ್ಕಾರದ ಡಿಸ್ಪೋಸಲ್ಸ್ ಇಲಾಖೆ ಹರಾಜು ಹಾಕಿತು. ‘ಡಿಸ್ಪೋಸಲ್ ಗಾಡಿ’ ಎಂದು ಹಳಬರು ಕರೆಯುತ್ತಿದ್ದುದು ಇವನ್ನೇ. ಹೊಸ ಲಾರಿ ಸಿಗುವುದೇ ದುರ್ಲಭವಾಗಿದ್ದ ಆ ಕಾಲದಲ್ಲಿ ಇವು ಬಸ್ಸಾದವು, ಮರದ ಕೂಪುಗಳಿಗೆ ಹೋದವು, ಹಿಂದೆ ಕ್ರೇನ್ ಹೊತ್ತು ಹೆದ್ದಾರಿಯಲ್ಲಿ ಮಗುಚಿದ ಲಾರಿ ಎತ್ತುವ ಕೆಲಸಕ್ಕೆ ನಿಂತವು. ಕೇರಳದ ಕಾಡಂಚಿನಲ್ಲಿ ವಿಂಚ್ ಕಟ್ಟಿದ ಯುದ್ಧಕಾಲದ ಲಾರಿಗಳು ದಿಮ್ಮಿ ಎಳೆಯುವುದನ್ನು ಈ ಶತಮಾನದಲ್ಲೂ ಕಂಡವರಿದ್ದಾರೆ. ಬರ್ಮಾದಲ್ಲಂತೂ ಯಾಂಗೊನ್ ನಗರದ ಬಸ್ಸುಗಳಾಗಿ ಯುದ್ಧಕಾಲದ ಷೆವರ್ಲೆಗಳು 2000ದ ನಂತರವೂ ಓಡಿದವು.

ಅವು ಅಷ್ಟು ಕಾಲ ಬದುಕಿದ್ದು ಹೇಗೆ? ಷೆವರ್ಲೆಯ 216 ಘನ ಇಂಚಿನ ಆರು ಸಿಲಿಂಡರ್ ಎಂಜಿನ್ನು 1937ರಿಂದ 1953ರವರೆಗಿನ ಸಾಮಾನ್ಯ ಷೆವರ್ಲೆ ಲಾರಿಗಳಲ್ಲೂ ಇತ್ತು. ಮುಂಬೈಯಲ್ಲಿ ಜನರಲ್ ಮೋಟಾರ್ಸ್ 1928ರಿಂದಲೇ ಗಾಡಿ ಜೋಡಿಸುತ್ತಿತ್ತು. ಹಾಗಾಗಿ ಪಿಸ್ಟನ್ನು, ವಾಲ್ವು, ಡಿಸ್ಟ್ರಿಬ್ಯೂಟರು ಪೇಟೆಯಲ್ಲಿ ಸಿಗುತ್ತಿದ್ದವು. 1950ರ ದಶಕದ ನಡುವೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ದೇಶ ಬಿಟ್ಟಾಗ ಸಾಮಾನಿನ ಹೊಳೆ ಬತ್ತಿತು. ಅಷ್ಟರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ-ಮರ್ಸಿಡಿಸ್ ಬಂದಿತ್ತು, ಚೆನ್ನೈಯಲ್ಲಿ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಡೀಸೆಲ್ ಎಂಜಿನ್ ಮಾಡತೊಡಗಿತ್ತು. ಪೆಟ್ರೋಲ್ ಕುಡಿಯುವ ಷೆವರ್ಲೆಯ ಎಂಜಿನ್ ಕಿತ್ತು ಪರ್ಕಿನ್ಸ್ ಕೂರಿಸುವುದು ಆಗ ಊರೂರಿನ ಕೆಲಸವಾಯಿತು. ಲಾರಿಯ ಮೈ ಕೆನಡಾದ್ದು, ಹೃದಯ ಚೆನ್ನೈಯದ್ದು. ಡೀಸೆಲ್ ಹಾಕಿಸಿಕೊಂಡವು ಉಳಿದವು. ಮೂಲ ಎಂಜಿನ್ನೇ ಬೇಕೆಂದು ಕಾದವು ಗುಜರಿಗೆ ಹೋದವು.

ಜೀಪಿನ ಕಥೆ ಇನ್ನೂ ಸುಲಭ. ಮಹೀಂದ್ರಾ 1947ರಲ್ಲೇ ವಿಲ್ಲಿಸ್ ಜೀಪ್ ಜೋಡಿಸಲು ಮೊದಲಿಟ್ಟು, ಮುಂದೆ ಅದನ್ನು ಇಲ್ಲೇ ತಯಾರಿಸಿತು. ಯುದ್ಧಕಾಲದ ಜೀಪಿನ ಎಂಜಿನ್ನಿಗೂ ಮಹೀಂದ್ರಾದ ನಂತರದ ಪೆಟ್ರೋಲ್ ಎಂಜಿನ್ನಿಗೂ ವಾಲ್ವಿನ ಜೋಡಣೆ ಬೇರೆಯಾದರೂ ಬೋರ್ ಮತ್ತು ಸ್ಟ್ರೋಕ್ ಒಂದೇ. ಆದ್ದರಿಂದಲೇ ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮುತ್ತಾತನ ಕಾಲದ ಜೀಪು ಮೊಮ್ಮಗನ ಕೈಯಲ್ಲೂ ಸ್ಟಾರ್ಟ್ ಆಗುತ್ತದೆ. ಪಂಜಾಬ್-ಹರಿಯಾಣ ಗಡಿಯ ಮಂಡಿ ಡಬ್ವಾಲಿಯಲ್ಲಿ ಹಳೆಯ ಜೀಪುಗಳನ್ನು ಹೊಸದಾಗಿ ಕಟ್ಟಿಕೊಡುವ ಕಸುಬೇ ಬೆಳೆದಿದೆ. ಫಿಲಿಪ್ಪೀನ್ಸ್‌ನ ಎಂ.ಡಿ. ಹುವಾನ್ ಎಂಬ ಕಂಪನಿ ಯುದ್ಧಕಾಲದ ಜೀಪಿನ ಇಡೀ ತಗಡಿನ ಮೈಯನ್ನೇ ಹೊಸದಾಗಿ ಒತ್ತಿ ಜಗತ್ತಿಗೆಲ್ಲ ಮಾರುತ್ತದೆ. ಬೇರೆ ಸೇನಾ ವಾಹನಗಳಲ್ಲಿ ಹೆಚ್ಚಿನವಕ್ಕೆ ಈ ಭಾಗ್ಯವಿಲ್ಲ.

ಈಗ ಶಕ್ತಿಮಾನ್‌ಗೆ ಬರೋಣ. ಈ ಸಮಸ್ಯೆಯ ತಿರುಳಿರುವುದು ಇಲ್ಲೇ.

ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, ಸೇನೆಯ ಲಾರಿಯನ್ನು ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲೇ ತಯಾರಿಸಬೇಕೆಂದು ಜರ್ಮನಿಯ ಮಾನ್ ಕಂಪನಿಯೊಡನೆ ಒಪ್ಪಂದವಾಯಿತು. 1959ರಲ್ಲಿ ಜಬಲ್‌ಪುರದಿಂದ ಮೊದಲ ಶಕ್ತಿಮಾನ್ ಹೊರಬಿತ್ತು. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಉದ್ದ ಮೂಗಿನ ಲಾರಿ. ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿ 1969ರಲ್ಲಿ ಶುರುವಾದ ಮೇಲೆ ಅಲ್ಲೇ ತಯಾರಾಗುತ್ತ 1996ರವರೆಗೆ ಮುಂದುವರಿಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಸೇನೆಯನ್ನು ಹೊತ್ತದ್ದು ಇದು. ಗಣರಾಜ್ಯೋತ್ಸವದ ಮೆರವಣಿಗೆಯಿಂದ ಹಿಡಿದು ನೆರೆ ಬಂದ ಊರಿನಲ್ಲಿ ಜನರನ್ನು ದಾಟಿಸುವವರೆಗೆ ಮೂರು ತಲೆಮಾರಿನ ಭಾರತೀಯರ ಕಣ್ಣಲ್ಲಿ ‘ಮಿಲಿಟ್ರಿ ಲಾರಿ’ ಎಂದರೆ ಶಕ್ತಿಮಾನೇ.

ಆದರೆ ಅದಕ್ಕೆ ದಾಯಾದಿಗಳಿರಲಿಲ್ಲ. ಪೇಟೆಯಲ್ಲಿ ಓಡುತ್ತಿದ್ದದ್ದು ಟಾಟಾ ಮತ್ತು ಲೇಲ್ಯಾಂಡ್. ಶಕ್ತಿಮಾನ್‌ನ ಬಿಡಿಭಾಗ ಕಾರ್ಖಾನೆಯಿಂದ ಆರ್ಡ್‌ನೆನ್ಸ್ ಡಿಪೋಗೆ, ಡಿಪೋದಿಂದ ಸೇನೆಯ ವರ್ಕ್‌ಶಾಪಿಗೆ ಹೋಗುತ್ತಿತ್ತು, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಬರುವ ದಾರಿಯೇ ಇರಲಿಲ್ಲ. ಅದರ ಎಂಜಿನ್ನೂ ವಿಶಿಷ್ಟ. ಆ ಕಾಲದ ಮಾನ್ ಎಂಜಿನ್‌ಗಳು ‘ಎಂ-ಪದ್ಧತಿ’ಯವು. ಪಿಸ್ಟನ್ನಿನ ತಲೆಯಲ್ಲಿ ಚೆಂಡಿನಾಕಾರದ ಗುಳಿ ಇರುತ್ತದೆ. ಡೀಸೆಲ್ಲನ್ನು ಗಾಳಿಯಲ್ಲಿ ಚದುರಿಸುವ ಬದಲು ಆ ಗುಳಿಯ ಗೋಡೆಗೆ ತೆಳುವಾಗಿ ಹರಡಿ, ಅದು ಆವಿಯಾಗುತ್ತ ಉರಿಯುವಂತೆ ಮಾಡುತ್ತಾರೆ. ಸದ್ದು ಕಡಿಮೆ, ಇಂಧನದ ಗುಣ ಅಷ್ಟಿಷ್ಟು ಕೆಟ್ಟರೂ ನಡೆಯುತ್ತದೆ. ಸೇನೆಗೆ ಇದಕ್ಕಿಂತ ಬೇಕಾದ ಗುಣ ಯಾವುದು! ಆದರೆ ಪಿಸ್ಟನ್ ಸವೆದರೆ ಅಳತೆ ಹೊಂದುವ ಇನ್ನೊಂದು ಲಾರಿಯ ಪಿಸ್ಟನ್ ತಂದು ಹಾಕುವಂತಿಲ್ಲ. ಗುಳಿಯ ಆಕಾರ ತಪ್ಪಿದರೆ ಉರಿಯುವ ಕ್ರಮವೇ ಕೆಡುತ್ತದೆ. ಇಂಧನ ಪಂಪ್ ವಿಷಯದಲ್ಲಿ ಮಾತ್ರ ನೆಮ್ಮದಿ. ಬೆಂಗಳೂರಿನ ಆಡುಗೋಡಿಯ ಮೈಕೋ 1951ರಲ್ಲಿ ಸ್ಥಾಪನೆಯಾಗಿ ಬಾಷ್ ಮಾದರಿಯ ಸಾಲುಪಂಪು, ನಾಝಲ್‌ಗಳನ್ನು ದೇಶಕ್ಕೆಲ್ಲ ಒದಗಿಸಿತು. ಅವನ್ನು ಬಿಚ್ಚಿ ಕ್ಯಾಲಿಬ್ರೇಷನ್ ಮಾಡಬಲ್ಲ ಪಂಪ್ ರೂಮುಗಳು ಸಣ್ಣ ಪಟ್ಟಣಗಳಲ್ಲೂ ಇವೆ.

ಉತ್ಪಾದನೆ ನಿಂತ ಮೇಲೆ ಸೇನೆ ಶಕ್ತಿಮಾನ್‌ಗಳನ್ನು ಒಂದೊಂದಾಗಿ ಕೈಬಿಟ್ಟಿತು. ಈಶಾನ್ಯ ರಾಜ್ಯಗಳಲ್ಲಿ ಅವು ಇವತ್ತಿಗೂ ದಿಮ್ಮಿ, ಕಲ್ಲು, ಕಲ್ಲಿದ್ದಲು ಹೊತ್ತು ರಸ್ತೆಯೇ ಇಲ್ಲದ ಗುಡ್ಡ ಹತ್ತುತ್ತವೆ. ಅಲ್ಲಿ ಅವು ಗುಂಪಾಗಿ ಇರುವುದರಿಂದ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವ ವ್ಯವಹಾರ ನಡೆಯುತ್ತದೆ. ದಕ್ಷಿಣದಲ್ಲಿ ಇಲ್ಲೊಂದು ಅಲ್ಲೊಂದು ಇರುವ ಶಕ್ತಿಮಾನ್‌ಗೆ ಆ ಅನುಕೂಲವಿಲ್ಲ.

ಜೊಂಗಾದ ಪಾಡೂ ಇದೇ. ನಿಸ್ಸಾನ್ ಪ್ಯಾಟ್ರೋಲ್ ಎಂಬ ಜಪಾನಿ ಗಾಡಿಯನ್ನೇ ಜಬಲ್‌ಪುರದಲ್ಲಿ ತಯಾರಿಸಿದಾಗ ಅದು ಜೊಂಗಾ ಆಯಿತು. ಜೊತೆಗೆ ಒಂದು ಟನ್ನಿನ ನಿಸ್ಸಾನ್ ಲಾರಿಯೂ ಬಂತು. ಸುಮಾರು ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನು; ಸೇನೆಗೆ ಚಿಂತೆಯಿಲ್ಲ, ಹರಾಜಿನಲ್ಲಿ ಕೊಂಡವನಿಗೆ ತಿಂಗಳ ಪೆಟ್ರೋಲ್ ಲೆಕ್ಕವೇ ಕಂಗೆಡಿಸುತ್ತದೆ. 1999ರ ಹೊತ್ತಿಗೆ ಉತ್ಪಾದನೆ ನಿಂತಿತು. ಹೊರಗೆ ಬಂದ ಜೊಂಗಾಗಳಲ್ಲಿ ಹೆಚ್ಚಿನವು ಡೀಸೆಲ್ ಎಂಜಿನ್ ಹಾಕಿಸಿಕೊಂಡೇ ಬದುಕಿದವು.

ಹೀಗೆ ಎಂಜಿನ್ ಬದಲಿಸುವುದು ಕೇಳಲು ಸರಳ, ಮಾಡಲು ಸೂಕ್ಷ್ಮ. ಲೇಲ್ಯಾಂಡ್ ಅಥವಾ ಟಾಟಾ ಎಂಜಿನ್ನಿನ ಬ್ಲಾಕಿಗೂ ಹಳೆಯ ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೂ ತೂತುಗಳು ಕೂಡುವುದಿಲ್ಲ. ನಡುವೆ ದಪ್ಪ ಉಕ್ಕಿನ ಅಡಾಪ್ಟರ್ ಪ್ಲೇಟು ಮಾಡಿಸಬೇಕು. ಆ ಪ್ಲೇಟಿನ ನಡುಬಿಂದು ಫ್ಲೈವೀಲಿನ ನಡುಬಿಂದುವಿಗೆ ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು ಓರೆಯಾಗಿ ತಿರುಗಿ ಮೊದಲು ಪೈಲಟ್ ಬೇರಿಂಗ್, ಆಮೇಲೆ ಕ್ಲಚ್ ಪ್ಲೇಟಿನ ಹಬ್ಬು ಹಾಳಾಗುತ್ತವೆ. ಅನುಭವಿ ಮೆಕ್ಯಾನಿಕ್ ಪ್ಲೇಟು ಕೂರಿಸಿದ ಮೇಲೆ ಡಯಲ್ ಗೇಜು ಇಟ್ಟು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ ಮುಳ್ಳಿನ ಓಲಾಟ ನೋಡದೆ ಬೋಲ್ಟು ಬಿಗಿಯುವುದಿಲ್ಲ. ನಾಲ್ಕು ಚಕ್ರದ ಎಳೆತವಿರುವ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಮುಂದಿನ ಆಕ್ಸಲ್ಲು ಎಂಜಿನ್ನಿನ ಕೆಳಗೇ ಬರುತ್ತದೆ. ಕಮಾನು ಪಟ್ಟಿ ಒತ್ತಿದಾಗ ಆಕ್ಸಲ್ಲಿನ ಹೌಸಿಂಗು ಮೇಲೆ ಬಂದು ಆಯಿಲ್ ಸಂಪಿಗೆ ಬಡಿಯುತ್ತದೆ. ಸಂಪನ್ನು ಕತ್ತರಿಸಿ ಬೇರೆ ಆಕಾರಕ್ಕೆ ವೆಲ್ಡ್ ಮಾಡಿಸಬೇಕು, ಒಳಗಿನ ಆಯಿಲ್ ಹೀರುವ ಕೊಳವೆಯನ್ನೂ ಜರುಗಿಸಬೇಕು. ಡೀಸೆಲ್ ನಿಧಾನವಾಗಿ ತಿರುಗುವುದರಿಂದ ಹಳೆಯ ಆಕ್ಸಲ್ ಅನುಪಾತದಲ್ಲಿ ಗಾಡಿಯ ವೇಗ ತಗ್ಗುತ್ತದೆ. ಎಳೆಯುವ ಬಲ ಮಾತ್ರ ಚೆನ್ನಾಗಿರುತ್ತದೆ. ಕ್ರೇನ್ ಹೊರುವ ಗಾಡಿಗೆ ಅದೇ ಸಾಕು.

ಸಾಮಾನು ಹುಡುಕುವುದರಲ್ಲಿ ಒಂದು ಕ್ರಮವಿದೆ. ಬಲ್ಲವರು ಕಂಪನಿಯ ಹೆಸರು ಹಿಡಿದು ಅಲೆಯುವುದಿಲ್ಲ, ಅಳತೆ ಹಿಡಿದು ಹೋಗುತ್ತಾರೆ. ಬೇರಿಂಗಿನ ಉಂಗುರದ ಅಂಚನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಅದರ ನಂಬರು ಕಾಣುತ್ತದೆ. ಆ ನಂಬರು ಜಗತ್ತಿನಲ್ಲೆಲ್ಲ ಒಂದೇ. ಜರ್ಮನ್ ಲಾರಿಯಿಂದ ತೆಗೆದದ್ದಕ್ಕೆ ಎಸ್‌ಕೆಎಫ್ ಅಥವಾ ಎನ್‌ಬಿಸಿ ಬೇರಿಂಗ್ ಸರಾಗವಾಗಿ ಕೂರುತ್ತದೆ. ಅಮೆರಿಕದ ಗಾಡಿಗಳ ಟೇಪರ್ ಬೇರಿಂಗ್ ಇಂಚಿನ ಲೆಕ್ಕದವು, ಅವಕ್ಕೆ ಟಿಮ್ಕೆನ್ ನಂಬರು ಬೇಕು. ಆಯಿಲ್ ಸೀಲಿಗೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಸಾಕು. ಬ್ರೇಕ್ ಲೈನರ್, ಕ್ಲಚ್ ಫೇಸಿಂಗ್‌ಗಳನ್ನು ಹಳೆಯ ತಗಡಿನ ಮೇಲೇ ಹೊಸದಾಗಿ ರಿವೆಟ್ ಹೊಡೆದು ಕೊಡುತ್ತಾರೆ. ವೀಲ್ ಸಿಲಿಂಡರ್ ಒಳಗೆ ತುಕ್ಕು ಗುಳಿ ಬಿದ್ದಿದ್ದರೆ ಲೇತಿನಲ್ಲಿ ಬೋರ್ ಮಾಡಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಲೀವು ಹೊಡೆಸಿದರೆ ಮೊದಲಿಗಿಂತ ಗಟ್ಟಿ. ಸ್ಪ್ರಿಂಗ್ ಪಟ್ಟಿಗೆ ಕಮಾನು ಕಟ್ಟುವವರಿದ್ದಾರೆ, ರೇಡಿಯೇಟರಿಗೆ ಬೆಸುಗೆಯವರಿದ್ದಾರೆ. ನಟ್ಟು-ಬೋಲ್ಟಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಅಮೆರಿಕದ ಗಾಡಿಯ ಮರೆ (ಥ್ರೆಡ್) ಒಂದು, ಹಳೆಯ ಬ್ರಿಟಿಷ್ ಗಾಡಿಯದು ಇನ್ನೊಂದು, ಮಾನ್ ಮತ್ತು ನಿಸ್ಸಾನ್‌ನದು ಮೆಟ್ರಿಕ್. ಹತ್ತಿರ ಹತ್ತಿರದ ಅಳತೆಯ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೆ ಎರಡು ಸುತ್ತು ಹೋಗಿ ಮರೆಯನ್ನೇ ತಿಂದುಬಿಡುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸ್ಪೇರ್ಸ್, ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಸಾಮಾನು, ಚೆನ್ನೈಯ ಪುದುಪೇಟೆಯಲ್ಲಿ ಎರಡೂ. ಹೊಸೂರು ಸೀಮೆಯ ಗಾಡಿ ಮಾಲೀಕರಿಗೆ ಈ ಮೂರೂ ಕೈಗೆಟುಕುವ ದೂರದಲ್ಲಿವೆ. ಸೇನೆಯ ಹಳೆಯ ದಾಸ್ತಾನು ಹರಾಜಾದಾಗ ಮೇಣದ ಕಾಗದದಲ್ಲಿ ಸುತ್ತಿ, ಗ್ರೀಸ್ ಮೆತ್ತಿ, ಪಾರ್ಟ್ ನಂಬರಿನ ಚೀಟಿ ಅಂಟಿಸಿದ ಹೊಚ್ಚ ಹೊಸ ಭಾಗಗಳೂ ಒಮ್ಮೊಮ್ಮೆ ಈ ಅಂಗಡಿಗಳಿಗೆ ಬರುತ್ತವೆ. ಅಂಗಡಿಯವನಿಗೆ ಅದು ಯಾವ ಗಾಡಿಯದು ಎಂದು ತಿಳಿದಿರುವುದಿಲ್ಲ. ನಂಬರು ಗೊತ್ತಿರುವ ಗಿರಾಕಿಗೆ ಅದೇ ಲಾಭ. ಆದ್ದರಿಂದ ಹಳೆಯ ಸೇನಾ ವಾಹನ ಇಟ್ಟುಕೊಂಡವರು ಮೊದಲು ಗಳಿಸಬೇಕಾದ ಆಸ್ತಿ ಬಿಡಿಭಾಗಗಳ ಕೈಪಿಡಿ. ಯುದ್ಧಕಾಲದ ಅಮೆರಿಕನ್ ಗಾಡಿಗಳಿಗೆ ಈ ಕೈಪಿಡಿಗಳ ಹೊಸ ಮುದ್ರಣಗಳು ಸಿಗುತ್ತವೆ: ಜೀಪಿನದು ಜಿ-503, ಜಿಎಂಸಿ ಲಾರಿಯದು ಜಿ-508. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ ಮಿಲಿಟರಿ ವಾಹನ ಸಂರಕ್ಷಣಾ ಸಂಘದ ಸದಸ್ಯರು ಈ ನಂಬರುಗಳಿಂದಲೇ ಗಾಡಿಗಳನ್ನು ಗುರುತಿಸುತ್ತಾರೆ. ಶಕ್ತಿಮಾನ್ ಮತ್ತು ಜೊಂಗಾ ಮಾಲೀಕರಿಗೆ ಅಂಥ ಸೌಕರ್ಯವನ್ನು ನಮ್ಮಲ್ಲಿ ಯಾರೂ ಮಾಡಿಕೊಟ್ಟಿಲ್ಲ.

ಅಳತೆ ಹಿಡಿದು ಹೋದರೂ ಸಿಗದ ಭಾಗಗಳು ಕೆಲವಿವೆ. ಅವುಗಳಲ್ಲಿ ಮೊದಲನೆಯದು ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್. ಹಲ್ಲು ಮುರಿದ ಕ್ರೌನನ್ನು ಗೇರ್ ಕಟಿಂಗ್ ಘಟಕಕ್ಕೆ ಒಯ್ದರೆ ಅವರು ಮೊದಲು ಹಲ್ಲೆಣಿಸುತ್ತಾರೆ, ಆಮೇಲೆ ಹಲ್ಲಿನ ಗಾತ್ರ ಮೆಟ್ರಿಕ್ ಮಾಡ್ಯೂಲೋ, ಇಂಚಿನ ಡಯಾಮೆಟ್ರಲ್ ಪಿಚ್ಚೋ ಎಂದು ನೋಡುತ್ತಾರೆ. ಜರ್ಮನ್ ಗಾಡಿಗೆ ಮೊದಲನೆಯದು, ಅಮೆರಿಕದ್ದಕ್ಕೆ ಎರಡನೆಯದು. ಇದನ್ನು ತಪ್ಪಿ ಹಿಡಿದರೆ ಗೇರು ನೋಡಲು ಸರಿಯಿದ್ದು ಓಡುವಾಗ ಕಿರುಚುತ್ತದೆ. ಉಕ್ಕು ಇಎನ್ 353ರಂಥದ್ದು. ಹಲ್ಲು ಕತ್ತರಿಸಿದ ಮೇಲೆ ಇಂಗಾಲ ತುಂಬುವ ಕುಲುಮೆಯಲ್ಲಿ ಕಾಯಿಸಿ ಮೇಲ್ಮೈಯನ್ನು ಗಡುಸುಗೊಳಿಸುತ್ತಾರೆ, ಒಳಗಿನ ತಿರುಳು ಮೆದುವಾಗೇ ಉಳಿಯಬೇಕು. ಕುಲುಮೆಯಲ್ಲಿ ಕ್ರೌನ್ ಸ್ವಲ್ಪ ಸೊಟ್ಟಗಾಗುವುದೂ ಉಂಟು. ಕೊನೆಗೆ ಕ್ರೌನು ಮತ್ತು ಪಿನಿಯನ್ನನ್ನು ಒಂದರ ಮೇಲೊಂದು ಉಜ್ಜಿ ಜೊತೆ ಮಾಡುತ್ತಾರೆ. ಹಾಗೆ ಜೊತೆಯಾದವನ್ನು ಬಿಡಿಸಿ ಬೇರೆ ಬೇರೆ ಬಳಸುವಂತಿಲ್ಲ. ಎರಡಕ್ಕೂ ಒಂದೇ ನಂಬರು ಕೆತ್ತಿರುತ್ತಾರೆ. ಗಾಡಿಗೆ ಹಾಕುವಾಗ ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ ಹಾಕಿ ತೆಗೆದು ಹೊಂದಿಸಬೇಕು. ಅರ್ಧ ದಿನದ ಕೆಲಸ. ಅವಸರ ಮಾಡಿದವನು ಮತ್ತೆ ಆಕ್ಸಲ್ ಇಳಿಸುತ್ತಾನೆ.

ಎರಡನೆಯದು ಮುಂದಿನ ಆಕ್ಸಲ್ಲಿನ ಒಳಗಿರುವ ಜಾಯಿಂಟು. ಚಕ್ರ ತಿರುವಿದಾಗಲೂ ಎಳೆತ ತಪ್ಪದಂತೆ ಮಾಡುವ ಈ ಭಾಗ ಯುದ್ಧಕಾಲದ ಜೀಪಿನಲ್ಲೇ ನಾಲ್ಕು ಬಗೆಯದಿತ್ತು: ರ್ಜೆಪ್ಪಾ, ಬೆಂಡಿಕ್ಸ್, ಸ್ಪೈಸರ್, ಟ್ರ್ಯಾಕ್ಟಾ. ಮೊದಲೆರಡರಲ್ಲಿ ಉಕ್ಕಿನ ಗುಂಡುಗಳು ಕೊರೆದ ಓಣಿಗಳಲ್ಲಿ ಉರುಳುತ್ತವೆ. ಓಣಿ ಸವೆದರೆ ಲೇತಿನಲ್ಲಿ ಸರಿಮಾಡಲು ಬರುವುದಿಲ್ಲ. ಹಾಗಾಗಿ ಮಾಲೀಕರು ಮುಂದಿನ ಶಾಫ್ಟನ್ನೇ ಕಳಚಿಟ್ಟು ಹಿಂದಿನ ಚಕ್ರದ ಎಳೆತದಲ್ಲೇ ಗಾಡಿ ಓಡಿಸುತ್ತಾರೆ. ಸೇನಾ ಲಾರಿಯ ನಿಜವಾದ ಗುಣವೇ ಅಲ್ಲಿಗೆ ಹೋಯಿತು.

ಜೀವಕ್ಕೇ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಯುದ್ಧಕಾಲದ ಹಲವು ಲಾರಿಗಳ ರಿಮ್ಮು ಎರಡು ಹೋಳು. ಎರಡನ್ನೂ ಸುತ್ತಲೂ ನಟ್ಟು ಹಾಕಿ ಕೂಡಿಸಿರುತ್ತಾರೆ. ಚಕ್ರವನ್ನು ಹಬ್ಬಿಗೆ ಹಿಡಿಸುವ ನಟ್ಟುಗಳು ಬೇರೆಯವು. ಬ್ರಿಟಿಷ್ ಸೇನೆ ರಿಮ್ಮಿನ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದದ್ದು ಟೈರಿನಲ್ಲಿ ಗಾಳಿ ಇರುವಾಗ ಯಾರೂ ಅವನ್ನು ಮುಟ್ಟಬಾರದೆಂದು. ಎಂಟು ಸಲ ಬಣ್ಣ ಬದಲಾದ ಗಾಡಿಯಲ್ಲಿ ಆ ಕೆಂಪು ಎಂದೋ ಮುಚ್ಚಿಹೋಗಿದೆ. ಪಂಕ್ಚರ್ ಅಂಗಡಿಯ ಹುಡುಗ ತಿಳಿಯದೆ ಅದನ್ನು ಬಿಚ್ಚಿದರೆ ರಿಮ್ಮಿನ ಹೋಳು ಗುಂಡಿನಂತೆ ಹಾರುತ್ತದೆ. ಮಾಲೀಕರು ಆ ನಟ್ಟುಗಳಿಗೆ ಮತ್ತೆ ಕೆಂಪು ಬಳಿಯುವುದಕ್ಕೆ ಖರ್ಚೇನೂ ಇಲ್ಲ.

ಗಾಡಿ ಸರಿಯಾದರೂ ಕಾಗದ ಸರಿಯಾಗಬೇಕು. ಸೇನೆ ರಿಪೇರಿಗೆ ಲಾಯಕ್ಕಿಲ್ಲವೆಂದು ತೀರ್ಮಾನಿಸಿದ ವಾಹನಗಳು ಈಗ ಹೆಚ್ಚಾಗಿ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಆನ್‌ಲೈನ್ ಹರಾಜಿನಲ್ಲಿ ಹೋಗುತ್ತವೆ. ಗುಜರಿಗೆಂದೇ ಮಾರಿದ್ದನ್ನು ಮತ್ತೆ ರಸ್ತೆಗೆ ಇಳಿಸಲು ಬರುವುದಿಲ್ಲ. ಗಾಡಿಯಾಗಿ ಮಾರಿದ್ದಾದರೆ ಹರಾಜಿನ ಪತ್ರ, ಬಿಡುಗಡೆ ಪತ್ರ, ಚಾಸಿ ನಂಬರು ಹಿಡಿದು ಆರ್‌ಟಿಒ ಕಚೇರಿಗೆ ಹೋಗಬೇಕು. ಮಾರುತ್ತಿರುವುದು ಗುಜರಿಗೋ, ಗಾಡಿಯಾಗಿಯೋ ಎಂಬುದೇ ಹರಾಜಿಗೆ ಕೈ ಎತ್ತುವ ಮೊದಲು ಕೇಳಬೇಕಾದ ಪ್ರಶ್ನೆ. ಕೊಂಡ ಮೇಲೆ ಮೊದಲ ಕೆಲಸ ಬಣ್ಣ ಬದಲಿಸುವುದು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಎಂಜಿನ್ ಬದಲಿಸಿದವರಿಗೆ ಇನ್ನೂ ಕಷ್ಟ. ತಯಾರಕರು ನಿಗದಿಪಡಿಸಿದ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮೊದಲೇ ಅನುಮತಿ ಪಡೆಯದೆ ಎಂಜಿನ್ ಬದಲಿಸಿದರೆ ವಿಮೆಗೂ ತೊಡಕಾಗಬಹುದು.

ಹಳೆಯ ವಾಹನಗಳ ರಕ್ಷಣೆಗೆಂದು 2021ರಲ್ಲಿ ಬಂದ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಪ್ರತ್ಯೇಕ ‘ವಿಎ’ ನೋಂದಣಿ ಕೊಡುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಜೀಪಿಗೆ ಇದು ಹೊಂದುತ್ತದೆ. ಆದರೆ ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಮಹಾರಾಜರ ಕಾರುಗಳು. ಆರು ಚಕ್ರದ ಜಿಎಂಸಿ, ಸರಕು ಹೊರುವ ಶಕ್ತಿಮಾನ್ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಡೀಸೆಲ್ ಹಾಕಿಸಿಕೊಂಡು ಜೀವ ಉಳಿಸಿಕೊಂಡ ಗಾಡಿ ಮೂಲ ರೂಪದಲ್ಲಿಲ್ಲ ಎಂಬ ಕಾರಣಕ್ಕೇ ಹೊರಗುಳಿಯುತ್ತದೆ. ಇದು ಅನ್ಯಾಯ. ಆ ರಿಪೇರಿಯೂ ಈ ದೇಶದ ಮೋಟಾರು ಇತಿಹಾಸದ ಭಾಗವೇ.

ಬಿಡಿಭಾಗ ಸಿಗದ ತೊಂದರೆ ಸೇನೆಗೂ ತಪ್ಪಿಲ್ಲ. ಸೇನೆಯ ವಾಹನಗಳನ್ನು ದುರಸ್ತಿ ಮಾಡುವ ಇಎಂಇ ದಳ 1943ರಲ್ಲಿ ಹುಟ್ಟಿತು. ಬೆಂಗಳೂರಿನ ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪು ಅದರದ್ದೇ. ಸರ್ಕಾರಿ ಕಂಪನಿ ಬಿಇಎಂಎಲ್ 1986ರ ಒಪ್ಪಂದದಂತೆ ತಂದ ಝೆಕ್ ಟಾಟ್ರಾ ಲಾರಿಗಳು ಸುಮಾರು 7,000. ನಡುವೆ ಒಂದೇ ಉಕ್ಕಿನ ಕೊಳವೆಯ ಬೆನ್ನೆಲುಬು, ಅದಕ್ಕೆ ರೆಕ್ಕೆಯಂತೆ ಆಡುವ ಅರ್ಧ ಆಕ್ಸಲ್‌ಗಳು, ಗಾಳಿಯಿಂದ ತಣಿಯುವ ಎಂಜಿನ್ನು. ಕ್ಷಿಪಣಿ, ಸೇತುವೆ ಹೊರಲು ಅದ್ಭುತ ಗಾಡಿ, ಆದರೆ ಇಲ್ಲಿನ ಯಾವ ಲಾರಿಗೂ ಸಂಬಂಧವಿಲ್ಲದ್ದು. 2012ರಲ್ಲಿ ಖರೀದಿಯ ವಿವಾದವೆದ್ದು ಸಿಬಿಐ ತನಿಖೆ ಶುರುವಾದಾಗ ಬಿಡಿಭಾಗದ ಪೂರೈಕೆಗೂ ಪೆಟ್ಟು ಬಿತ್ತು. ಸೋವಿಯತ್ ಕಾಲದ ಗ್ರಾಡ್ ರಾಕೆಟ್ ಉಡಾವಣಾ ಯಂತ್ರ ಹೊತ್ತಿದ್ದ ಉರಲ್ ಲಾರಿಗಳ ವಿಷಯದಲ್ಲಿ ಸೇನೆ ಬೇರೆ ದಾರಿ ಹಿಡಿಯಿತು. ಉಡಾವಣಾ ಯಂತ್ರವನ್ನು ಇಳಿಸಿ ಲೇಲ್ಯಾಂಡ್‌ನ ಸೂಪರ್ ಸ್ಟಾಲಿಯನ್ ಮೇಲೆ ಕೂರಿಸಿತು. ಹಳ್ಳಿಯ ಮೆಕ್ಯಾನಿಕ್ ಷೆವರ್ಲೆಗೆ ಪರ್ಕಿನ್ಸ್ ಹಾಕಿದಾಗ ಬಳಸಿದ ಬುದ್ಧಿಯೇ ಇದು.

ಸ್ಟಾಲಿಯನ್ ಬಂದದ್ದರಿಂದ ಪರಿಸ್ಥಿತಿ ಬದಲಾಗುತ್ತಿದೆ. 1990ರ ದಶಕದ ಕೊನೆಯಿಂದ ಶಕ್ತಿಮಾನ್‌ನ ಜಾಗಕ್ಕೆ ಬಂದ ಈ ಲಾರಿ ಸೇನೆಯಲ್ಲಿ 60,000ಕ್ಕೂ ಹೆಚ್ಚು ಎಂದು ಕಂಪನಿ ಹೇಳುತ್ತದೆ. ಸಣ್ಣ ಗಾತ್ರಕ್ಕೆ ಟಾಟಾದ ಎಲ್‌ಪಿಟಿಎ 713 ಬಂತು. ಎರಡಕ್ಕೂ ಎಂಜಿನ್ ವಂಶ ಪೇಟೆಯದ್ದೇ: ಸ್ಟಾಲಿಯನ್‌ನದು ಹಿನೊ ತಂತ್ರಜ್ಞಾನದ ಲೇಲ್ಯಾಂಡ್ ಎಂಜಿನ್, ಟಾಟಾದ್ದು 697 ಸರಣಿ. ಇವೆರಡನ್ನೂ ಕಣ್ಣು ಮುಚ್ಚಿ ಬಿಚ್ಚಿ ಕಟ್ಟುವವರು ಹೊಸೂರು-ಕೃಷ್ಣಗಿರಿ ಹೆದ್ದಾರಿಯ ಉದ್ದಕ್ಕೂ ಇದ್ದಾರೆ. ಮೊದಲ ತಂಡದ ಸ್ಟಾಲಿಯನ್‌ಗಳಿಗೆ ಕಾಲು ಶತಮಾನ ದಾಟಿತು. ಅವು ಹರಾಜಿಗೆ ಬಂದಾಗ ಕೊಂಡವರಿಗೆ ಪಿಸ್ಟನ್ನಿಗೆ, ಲೈನರಿಗೆ, ಗೇರ್‌ಬಾಕ್ಸ್ ಬೇರಿಂಗಿಗೆ ಅಲೆದಾಟ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸು ಮತ್ತು ಮುಂದಿನ ಆಕ್ಸಲ್ಲು ಮಾತ್ರ ಸೇನೆಗೆಂದೇ ಮಾಡಿದವು. ಕೊಳ್ಳುವಾಗ ಅವೆರಡನ್ನೂ ನೋಡಿಕೊಂಡರೆ ಸಾಕು.

ಉಳಿದಿರುವ ಶಕ್ತಿಮಾನ್, ಜೊಂಗಾಗಳಿಗೆ ಏನು ಮಾಡಬಹುದು ಎಂಬುದಕ್ಕೂ ಉತ್ತರ ಇದೇ ಸೀಮೆಯಲ್ಲಿದೆ. ಜಬಲ್‌ಪುರದ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಚೆನ್ನೈ ಬಳಿಯ ಆವಡಿಯಲ್ಲಿ ಕೇಂದ್ರ ಕಚೇರಿಯಿರುವ ಆರ್ಮರ್ಡ್ ವೆಹಿಕಲ್ಸ್ ನಿಗಮ್ ಕಂಪನಿಗೆ ಸೇರಿದೆ. 1996ರಲ್ಲಿ ನಿಂತುಹೋದ ಲಾರಿಯ ಬಿಡಿಭಾಗದ ನಕ್ಷೆಗಳಲ್ಲಿ ಇವತ್ತು ರಕ್ಷಣಾ ಗುಟ್ಟು ಉಳಿದಿರಲಾರದು. ಅವನ್ನು ಸಾರ್ವಜನಿಕರಿಗೆ ಬಿಡುವುದು ನಿಗಮಕ್ಕೆ ದೊಡ್ಡ ಭಾರವಲ್ಲ. ಹೊಸೂರಿನ ಸಣ್ಣ ಘಟಕಗಳಿಗೆ ಹಾಸ್ಟಿಯಾ ಎಂಬ ಸಂಘವಿದೆ. ಒಂದು ಕ್ರೌನ್-ಪಿನಿಯನ್‌ಗಾಗಿ ಯಂತ್ರ ಹೊಂದಿಸಿ ಕುಲುಮೆ ಉರಿಸುವುದು ಯಾವ ಘಟಕಕ್ಕೂ ಗಿಟ್ಟುವುದಿಲ್ಲ. ಒಂದೇ ನಕ್ಷೆಗೆ ಹತ್ತಿಪ್ಪತ್ತು ಜನ ಮಾಲೀಕರು ಕೂಡಿ ಆರ್ಡರ್ ಕೊಟ್ಟರೆ ಗಿಟ್ಟುತ್ತದೆ. ಈಶಾನ್ಯದ ಮಾಲೀಕರೂ ಸೇರಿದರೆ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಕ್ರೌನ್-ಪಿನಿಯನ್ನು ಮತ್ತು ಮುಂದಿನ ಆಕ್ಸಲ್ಲಿನ ಜಾಯಿಂಟು, ಇವೆರಡರಿಂದ ಶುರು ಮಾಡಬೇಕು. ಎಂಜಿನ್ನನ್ನಾದರೂ ಬದಲಿಸಬಹುದು, ಇವಕ್ಕೆ ಬೇರೆ ಲಾರಿಯದನ್ನು ತಂದು ಹಾಕಲಾಗದು.